ಆನರ್ಸ್ ಸೀಟು, ಏಳು ಗೆರೆ ನೀರು

ಹೆಬ್ಬಾಳದ ಹಾಲಿನ ನಾರಾಯಣಮ್ಮನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಸಿಟ್ಟು ಮೊದಲು ಬರುತ್ತಿತ್ತು, ಕಾರಣ ಆಮೇಲೆ ಓಡಿ ಬಂದು ಜೊತೆ ಸೇರಿಕೊಳ್ಳುತ್ತಿತ್ತು. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡು ಕೆರೆಗೆ ಎಸೆದಿದ್ದಳು. ಅಲ್ಲಿಗೆ ಅವಳ ಓದು ಮುಗಿಯಿತು. ಹೆಸರು ಬರೆಯಲು ಬರುತ್ತಿತ್ತು, ಬಸ್ಸಿನ ಬೋರ್ಡು ಓದಲು ಬರುತ್ತಿತ್ತು, ಮಿಕ್ಕಿದ್ದಕ್ಕೆಲ್ಲ ಬಾಯಿ ಇತ್ತು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಸೊಣ್ಣಮ್ಮ ಮಾತ್ರ ತಣ್ಣಗಿನ ಹುಡುಗಿ. ಅಜ್ಜಿಯ ಹೆಸರು ಇಟ್ಟುಕೊಂಡಿದ್ದಕ್ಕೋ ಏನೋ, ಅಜ್ಜಿಯ ಹಾಗೇ ಒಂದು ಮಾತಿಗೆ ಹತ್ತು ಸಲ ಯೋಚಿಸುತ್ತಿದ್ದಳು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಪಿಯುಸಿ ಪಾಸಾದಳು. ಫಿಸಿಕ್ಸಿನಲ್ಲಿ ಕಾಲೇಜಿಗೇ ಮೊದಲು. ಅಲ್ಲಿನ ಮೇಷ್ಟ್ರೊಬ್ಬರು ಅವಳನ್ನು ಕರೆದು, ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿಗೆ ಅರ್ಜಿ ಹಾಕು ಅಂದರು.

"ಆನರ್ಸ್ ಅಂದ್ರೇನೇ?" ಎಂದಳು ನಾರಾಯಣಮ್ಮ, ಸಗಣಿ ತಟ್ಟುತ್ತಾ.

"ಬಿಎಸ್ಸಿನೇ ಅಮ್ಮ, ಆದ್ರೆ ಗಟ್ಟಿ. ಒಂದೇ ವಿಷಯನ ತಳ ಮುಟ್ಟೋವರೆಗೂ ಓದೋದು. ಹದಿನಾರೇ ಸೀಟು ಇರೋದು."

"ಇಡೀ ಬೆಂಗ್ಳೂರಿಗೆ ಅದಿನಾರೇ? ಅಂಗಾದ್ರೆ ಯಾರ್‌ನ ಇಡೀಬೇಕು ಏಳು."

"ಯಾರನ್ನೂ ಹಿಡಿಯೋಕಾಗಲ್ಲಮ್ಮ. ಇಂಟರ್‌ವ್ಯೂ ಮಾಡ್ತಾರೆ. ಅಪ್ಪ ಅಮ್ಮ ಯಾರಾದ್ರೂ ಒಬ್ರು ಜೊತೇಲಿ ಬರ್ಬೇಕಂತೆ."

ನಾರಾಯಣಮ್ಮನ ಗಂಡ ಪಿಳ್ಳಣ್ಣ ಹುಲ್ಲಿನ ಹೊರೆ ಇಳಿಸುತ್ತಾ ಎಲ್ಲ ಕೇಳಿಸಿಕೊಂಡ. ಅವನು ಬೇಡ ಅನ್ನುವ ಗಂಡಸಲ್ಲ. ಆದರೆ ಚಿಕ್ಕಬಾಣಾವರದಲ್ಲಿ ಅವನ ತಂಗಿ ಲಕ್ಕಮ್ಮ ಇದ್ದಳು, ಲಕ್ಕಮ್ಮನಿಗೊಬ್ಬ ಮಗ ಇದ್ದ, ಆ ಮಗನಿಗೆ ಸೊಣ್ಣಮ್ಮನನ್ನು ಕೊಡಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದಳು. ಪಿಳ್ಳಣ್ಣ ಮಾರನೆಯ ದಿನವೇ ಹೋಗಿ ತಂಗಿಗೆ ಮಾತು ಕೊಟ್ಟು ಬಂದ: ಆನರ್ಸ್ ಸಿಕ್ಕರೆ ಓದು, ಸಿಗದಿದ್ದರೆ ಶ್ರಾವಣದಲ್ಲಿ ಮದುವೆ. ಹುಡುಗ ಕೆಟ್ಟವನೇನಲ್ಲ. ರೈಲ್ವೆ ಗೇಟು ಹಾಕುವುದು, ತೆಗೆಯುವುದು, ಇವೆರಡು ಬಿಟ್ಟು ಮೂರನೆಯ ಮಾತು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಅರ್ಜಿ ತುಂಬಿದ್ದಾಯಿತು. ಮಾರ್ಕ್ಸ್ ಕಾರ್ಡಿನ ನಕಲಿಗೆ ಗೆಜೆಟೆಡ್ ಆಫೀಸರ ಸೀಲು ಬೇಕು ಅಂದರು. ಈ ಮನೆಗೆ ಗೊತ್ತಿದ್ದ ಗೆಜೆಟೆಡ್ ಆಫೀಸರು ಒಬ್ಬರೇ, ಇವರ ಹಸುಗಳಿಗೆ ಸೂಜಿ ಚುಚ್ಚಲು ಬರುತ್ತಿದ್ದ ಡಾಕ್ಟರು. ಅವರು ಹಸುವಿನ ಬೆನ್ನ ಮೇಲೇ ಕಾಗದ ಇಟ್ಟುಕೊಂಡು ಸಹಿ ಹಾಕಿ, ಪಶುವೈದ್ಯಾಧಿಕಾರಿ ಅಂತ ದುಂಡನೆಯ ಸೀಲು ಒತ್ತಿಕೊಟ್ಟರು. ಹಸು ಅಲುಗಾಡಿ ಸಹಿ ಬಾಲದ ಹಾಗೆ ಉದ್ದ ಹೋಯಿತು.

ಇನ್ನು ದೇವರ ಪಾಲು. ನಾರಾಯಣಮ್ಮ ಊರ ಮಾರಮ್ಮನ ಗುಡಿಗೆ ಹೋಗಿ ನಿಂತಳು. ಕೋಳಿ ಕೊಡುತ್ತೇನೆ ಅನ್ನಬಹುದಿತ್ತು, ಆದರೆ ಕೋಳಿ ಕೊಟ್ಟರೆ ಸಾರು ತಾವೇ ತಿನ್ನುವುದು, ದೇವಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ತನಗೆ ನಿಜವಾಗಿ ನೋಯುವಂಥದ್ದು ಏನಿದೆ ಅಂತ ಯೋಚಿಸಿದಳು. ಯೋಚಿಸಿದ ತಕ್ಷಣ ಹೊಳೆಯಿತು, ಹೊಳೆದದ್ದಕ್ಕೆ ಸಂಕಟವೂ ಆಯಿತು.

"ತಾಯಿ, ಇಂಟ್ರೂ ಮುಗಿಯೋವರ್ಗೂ ಆಲಿಗೆ ಒಂದು ಅನಿ ನೀರು ಆಕಾಕಿಲ್ಲ," ಎಂದು ಹರಕೆ ಹೊತ್ತಳು.

ಇಲ್ಲಿ ಒಂದು ಮಾತು ಹೇಳಬೇಕು. ನಾರಾಯಣಮ್ಮ ದಿನಾ ಹಾಲಿಗೆ ಒಂದು ಚೊಂಬು ನೀರು ಹಾಕುತ್ತಿದ್ದಳು. ಅದನ್ನು ಅವಳು ಮೋಸ ಅಂದುಕೊಂಡಿರಲಿಲ್ಲ. ಕ್ಯಾನು ತೊಳೆದ ನೀರು ಸ್ವಲ್ಪ ಉಳಿದುಕೊಳ್ಳುತ್ತೆ, ಏನು ಮಾಡಕ್ಕಾಗುತ್ತೆ, ಅನ್ನುವ ಹಾಗೆ. ಹಾಲು ಮಾರುವವರೆಲ್ಲ ಹಾಕುತ್ತಿದ್ದರು, ತಾನು ಎಲ್ಲರಿಗಿಂತ ಕಡಿಮೆ ಹಾಕುತ್ತೇನೆ ಅನ್ನುವ ಹೆಮ್ಮೆಯೂ ಇತ್ತು. ಗಂಡನಿಗೆ ಮಾತ್ರ ಗೊತ್ತಾಗದಂತೆ ಹಾಕುತ್ತಿದ್ದಳು. ಪಿಳ್ಳಣ್ಣ ದಿನಾ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಹಸು ಕರೆಯುವವನು, ಅಂಥವನ ಮನಸ್ಸು ಯಾಕೆ ನೋಯಿಸಬೇಕು? ಅವನು ಬಾವಿಕಟ್ಟೆಯ ಹತ್ತಿರದ ಕೊಟ್ಟಿಗೆಯಲ್ಲಿ ಕರೆದು ಬಕೀಟು ತಂದಿಟ್ಟರೆ, ಇವಳು ಅಡಿಗೆಮನೆಯಲ್ಲಿ ಕ್ಯಾನಿಗೆ ಬಗ್ಗಿಸಿಕೊಂಡು, ಚೊಂಬಿನ ಕೆಲಸ ಮುಗಿಸಿ, ಕ್ಯಾನು ತಲೆಯ ಮೇಲೆ ಹೊತ್ತು ಗಂಗಾನಗರ ದಾಟಿ ಆರ್.ಟಿ. ನಗರಕ್ಕೆ ನಡೆಯುತ್ತಿದ್ದಳು.

ಹರಕೆಯ ಮೊದಲ ದಿನ ಚೊಂಬು ಮುಟ್ಟಲಿಲ್ಲ. ದಾರಿಯುದ್ದಕ್ಕೂ ಕ್ಯಾನು ಭಾರ ಅನ್ನಿಸಿತು. ಇಷ್ಟು ಒಳ್ಳೆಯ ಹಾಲನ್ನು ಜನಕ್ಕೆ ಕುಡಿಸುತ್ತಿದ್ದೇನಲ್ಲ ಅಂತ ಹೊಟ್ಟೆ ಉರಿಯಿತು, ಮನಸ್ಸಿಗೆ ಒಂಥರಾ ಗತ್ತೂ ಬಂತು.

ಆರ್.ಟಿ. ನಗರದ ಒಂದು ಮನೆ ಮಾತ್ರ ಅವಳಿಗೆ ಮೂರು ವರ್ಷದಿಂದ ಹಲ್ಲುನೋವಾಗಿತ್ತು. ಅದು ವೇದವತಮ್ಮನವರ ಮನೆ. ವೇದವತಮ್ಮ ಒಳ್ಳೆಯವರು. ಅವರ ಗಂಡ ಬದರೀನಾಥರು ಎಲ್ಲೋ ಮೇಷ್ಟ್ರು ಅಂತ ಅಷ್ಟೇ ಇವಳಿಗೆ ಗೊತ್ತಿದ್ದದ್ದು. ಕನ್ನಡಕ ಹಾಕಿಕೊಂಡವರೆಲ್ಲ ಎಲ್ಲೋ ಏನೋ ಆಗಿರುತ್ತಾರೆ. ಈ ಮೇಷ್ಟ್ರು ದಿನಾ ಬೆಳಿಗ್ಗೆ ಒಂದು ಗಾಜಿನ ಕಡ್ಡಿ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಹಾಲು ಅಳೆಯುವ ಕಡ್ಡಿ, ಲ್ಯಾಕ್ಟೋಮೀಟರು. ಉದ್ದನೆಯ ಗಾಜಿನ ಲೋಟಕ್ಕೆ ಹಾಲು ಬಗ್ಗಿಸಿ, ಅದರೊಳಗೆ ಕಡ್ಡಿ ತೇಲಿಬಿಟ್ಟು, ಬಗ್ಗಿ ನೋಡಿ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಹೇಳುತ್ತಿದ್ದರು: "ಇಪ್ಪತ್ತೊಂಬತ್ತನೇ ಗೆರೆಗೆ ನಿಲ್ಲಬೇಕಾದ್ದು ಇಪ್ಪತ್ತೆರಡಕ್ಕೆ ನಿಂತಿದೆ. ಏಳು ಗೆರೆ ನೀರು!"

ಮೂರು ವರ್ಷ ಇದನ್ನು ಕೇಳಿಕೊಂಡು ನಾರಾಯಣಮ್ಮ ಮುಖ ತಿರುಗಿಸಿ ಹೋಗುತ್ತಿದ್ದಳು. ಒಂದು ಚೊಂಬಿಗೆ ಏಳು ಗೆರೆಯಾ ಅಂತ ಒಳಗೊಳಗೇ ಅನುಮಾನ ಇತ್ತು, ಆದರೆ ಕೇಳುವ ಹಾಗಿರಲಿಲ್ಲ.

ಹರಕೆ ಹೊತ್ತ ದಿನದಿಂದ ಕಡ್ಡಿ ಇಪ್ಪತ್ನಾಲ್ಕಕ್ಕೆ ಬಂತು. ಅಲ್ಲಿಂದ ಮೇಲೆ ಹತ್ತಲಿಲ್ಲ. ಐದು ದಿನ ನೋಡಿದಳು. ಶನಿವಾರ ಬದರೀನಾಥರು ಕಡ್ಡಿ ನೋಡಿ, ಮುಗುಳ್ನಕ್ಕು, "ಪರವಾಗಿಲ್ಲ ನಾರಾಯಣಮ್ಮ, ಸುಧಾರಿಸಿದೀಯ. ಇನ್ನೈದು ಗೆರೆ ನೀರು ಕಮ್ಮಿ ಮಾಡು, ನಿಂಗೆ ಬಹುಮಾನ ಕೊಡಿಸ್ತೀನಿ," ಅಂದರು.

ನೀರು ಹಾಕಿದಾಗ ಬೈಸಿಕೊಂಡರೆ ಅವಳಿಗೆ ನೋವಿರಲಿಲ್ಲ. ಹಾಕದೆ ಬೈಸಿಕೊಂಡಳು ನೋಡಿ, ಆಗ ಬಂತು ಸಿಟ್ಟು.

"ಯಾರ್ ಆಕಿದ್ದು ನೀರು? ಯಾರ್ ಆಕಿದ್ದು ಅಂತೀನಿ! ಮಾರಮ್ಮನ ಮೇಲಾಣೆ, ಐದು ದಿನದಿಂದ ಅಪ್ಪಟ ಆಲು ಕುಡ್ದು ಅಲ್ ಕಿರೀತಿದೀರಲ್ಲ ಸ್ವಾಮಿ!"

"ಕಡ್ಡಿ ಸುಳ್ಳು ಹೇಳುತ್ತಾ?"

"ಓದ್ದೋರ ಮನೆ ಕಡ್ಡಿನೂ ನಿಮ್ಮಂಗೇ ಸುಳ್ಳು ಏಳ್ತದೆ! ಕೊಡಿ ಇಲ್ಲಿ!"

ಕಿತ್ತುಕೊಂಡಳು. ಕಿತ್ತುಕೊಂಡ ರಭಸಕ್ಕೆ ಕೈ ಗೇಟಿಗೆ ಬಡಿಯಿತು. ಕಡ್ಡಿ ಟಣ್ ಅಂತ ಮುರಿದು, ಅದರ ಹೊಟ್ಟೆಯಲ್ಲಿದ್ದ ಸೀಸದ ಸಣ್ಣ ಗುಂಡುಗಳೆಲ್ಲ ಮೆಟ್ಟಿಲ ಮೇಲೆ ಸಾಸಿವೆಯ ಹಾಗೆ ಉರುಳಿ ಹೋದವು. ಬದರೀನಾಥರು ಸತ್ತ ಗಿಣಿಯನ್ನು ನೋಡುವವರಂತೆ ನೋಡಿದರು.

"ಮೈಸೂರಿಂದ ತರಿಸಿದ್ದು!" ಅಂದರು.

"ಇನ್ನೊಂದು ತರಿಸ್ಕಳಿ! ಆಲು ಮಾತ್ರ ಬೇರೆಯೋರತ್ರ ತರಿಸ್ಕಳಿ!" ಎಂದು ಕ್ಯಾನು ಎತ್ತಿಕೊಂಡು ಬಂದುಬಿಟ್ಟಳು. ವೇದವತಮ್ಮ ಪಾತ್ರೆ ಹಿಡಿದುಕೊಂಡು ಅರ್ಧ ಬೀದಿಯವರೆಗೂ ಓಡಿಬಂದರು, ತಿರುಗಿ ನೋಡಲಿಲ್ಲ.

ಸೋಮವಾರ ಇಂಟರ್‌ವ್ಯೂ. ಹಸು ಒಂದು ಇವತ್ತೋ ನಾಳೆಯೋ ಕರು ಹಾಕುವುದರಲ್ಲಿತ್ತು, ಪಿಳ್ಳಣ್ಣ ಮನೆಯಲ್ಲೇ ಉಳಿದ. ನಾರಾಯಣಮ್ಮ ಮದುವೆಯ ಸೀರೆ ಉಟ್ಟು, ಮಗಳ ಜಡೆಗೆ ಕನಕಾಂಬರ ಮುಡಿಸಿ, ಬಸ್ಸು ಹತ್ತಿಸಿಕೊಂಡು ಬಂದಳು.

ಕಾಲೇಜಿನ ಕಲ್ಲಿನ ಕಾರಿಡಾರಿನಲ್ಲಿ ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರು, ಅವರ ಅಪ್ಪಂದಿರು. ಅಪ್ಪಂದಿರೆಲ್ಲ ಪ್ಯಾಂಟು, ಎಲ್ಲರ ಬಾಯಲ್ಲೂ ಇಂಗ್ಲಿಷು. ಜವಾನ ಮುನಿಶಾಮಿ ಬಾಗಿಲಿಗೆ ಬಂದು, ಪಟ್ಟಿ ನೋಡಿ, "ಸೊಣ್ಣಮ್ಮ! ಪಿ. ಸೊಣ್ಣಮ್ಮ!" ಎಂದು ಕೂಗಿದ. ಬೆಂಚಿನ ಕಡೆಯಿಂದ ಕಿಸಕ್ಕನೆ ನಗು ಬಂತು.

"ಯಾರೋ ಅದು ನಕ್ಕಿದ್ದು?" ನಾರಾಯಣಮ್ಮ ತಿರುಗಿ ನಿಂತಳು. "ನಮ್ಮತ್ತೆ ಎಸ್ರು ಕಣೋ ಅದು. ಬದ್ಕಿದ್ದಿದ್ರೆ ನಿನ್ ಅಲ್ ಕೈಗೆ ಕೊಡೋಳು."

"ಅಮ್ಮ, ಬಾ," ಎಂದು ಸೊಣ್ಣಮ್ಮ ಅವಳನ್ನು ಒಳಗೆ ಎಳೆದುಕೊಂಡಳು.

ಮೇಜಿನ ಆಚೆ ಇಬ್ಬರು ಕೂತಿದ್ದರು. ಒಬ್ಬರು ನಲವತ್ತರ ಹೆಂಗಸು, ತಲೆಯ ಮೇಲೆ ಸೆರಗು, ಮುಂದೆ ಹಲಗೆಯ ಮೇಲೆ ತಾಹೆರಾ ಅಂತ ಹೆಸರು. ಇನ್ನೊಬ್ಬರು ಅರ್ಜಿ ಓದುತ್ತಾ ತಲೆ ತಗ್ಗಿಸಿದ್ದರು. "ತಂದೆ ತಾಯಿ ಉದ್ಯೋಗ, ಹಾಲಿನ ವ್ಯಾಪಾರ," ಎಂದು ಓದಿ ತಲೆ ಎತ್ತಿದರು.

"ನೀನಾ?" ಅಂದರು ಬದರೀನಾಥರು.

"ನೀವಾ!" ಅಂದಳು ನಾರಾಯಣಮ್ಮ. ಲಕ್ಕಮ್ಮನ ಮಗ ರೈಲ್ವೆ ಗೇಟು ಹಾಕಿಕೊಂಡು ಬರುವುದು ಕಣ್ಣಿಗೆ ಕಟ್ಟಿತು.

"ಪರಿಚಯನಾ ಸಾರ್?" ಎಂದರು ತಾಹೆರಾ ಮೇಡಂ.

"ಮೂರು ವರ್ಷದ ಪರಿಚಯ. ಮೊನ್ನೆ ಶನಿವಾರ ನನ್ನ ಲ್ಯಾಕ್ಟೋಮೀಟರ್ ಮುರಿದರು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಸೊಣ್ಣಮ್ಮನ ಕಡೆ ತಿರುಗಿದರು. "ಇವರು ನಿಮ್ಮ ತಾಯೀನಾ?"

"ಹೌದು ಸಾರ್."

"ಸಾರ್, ಹುಡುಗೀನ ಫಿಸಿಕ್ಸ್ ಕೇಳೋಣ," ಎಂದರು ತಾಹೆರಾ ಮೇಡಂ, ಮಾತು ಜಗಳದ ಕಡೆ ತಿರುಗುವುದನ್ನು ಗಮನಿಸಿ.

"ಫಿಸಿಕ್ಸೇ ಕೇಳ್ತಿರೋದು ಮೇಡಂ. ನೋಡಮ್ಮ. ಒಳ್ಳೆ ಹಾಲು ಇಪ್ಪತ್ತೊಂಬತ್ತು ತೋರಿಸ್ಬೇಕು. ಮೂರು ವರ್ಷ ಇಪ್ಪತ್ತೆರಡು ತೋರಿಸ್ತು. ಹೋದ ವಾರ ಇಪ್ಪತ್ನಾಲ್ಕು ತೋರಿಸ್ತು. ಆದ್ರೆ ನಿಮ್ಮ ತಾಯಿ ಹೋದ ವಾರ ಒಂದು ಹನೀನೂ ಹಾಕಿಲ್ಲ ಅಂತ ದೇವರ ಮೇಲೆ ಆಣೆ ಇಟ್ರು. ನಿಮ್ಮ ತಾಯಿ ಸುಳ್ಳೋ, ನನ್ನ ಲ್ಯಾಕ್ಟೋಮೀಟರ್ ಸುಳ್ಳೋ? ಹೇಳು."

ಇದೆಂಥ ಪ್ರಶ್ನೆ ಅಂತ ನಾರಾಯಣಮ್ಮನಿಗೂ ಅರ್ಥವಾಯಿತು. ಅಮ್ಮ ಸುಳ್ಳು ಅಂದರೆ ಮರ್ಯಾದೆ ಹೋಯಿತು, ಮೇಷ್ಟ್ರು ಸುಳ್ಳು ಅಂದರೆ ಸೀಟು ಹೋಯಿತು. ಮಗಳ ಬೆನ್ನಿಗೆ ಬೆರಳಿನಿಂದ ತಿವಿದಳು. ನಂದೇ ಸುಳ್ಳು ಅಂತ ಹೇಳೇ, ಸೀಟು ತಗೋ, ಅನ್ನುವ ತಿವಿತ. ಸೊಣ್ಣಮ್ಮನಿಗೆ ಅದು ಮುಟ್ಟಲಿಲ್ಲವೋ, ಮುಟ್ಟಿದರೂ ಬೇಡವಾಯಿತೋ.

"ಕನ್ನಡದಲ್ಲಿ ಹೇಳಬಹುದಾ ಸಾರ್?"

"ಹೇಳು."

"ನಿಮ್ಮ ಲ್ಯಾಕ್ಟೋಮೀಟರ್ ಕತ್ತಿನ ಮೇಲೆ ಯಾವುದಾದ್ರೂ ನಂಬರ್ ಇತ್ತಾ ಸಾರ್? ಗೆರೆ ನಂಬರಲ್ಲ. ಬೇರೆ."

ಬದರೀನಾಥರು ನೆನಪು ಮಾಡಿಕೊಂಡರು. "ಇತ್ತು. ಅರವತ್ತು ಎಫ್ ಅಂತ."

"ಅಂದ್ರೆ ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಿರೋ ಹಾಲಿಗೆ ಅದು ಸರಿ ಹೇಳುತ್ತೆ. ನಮ್ಮಮ್ಮ ಕರೆದ ಹಾಲನ್ನ ನೇರವಾಗಿ ತರ್ತಾರೆ. ನಿಮ್ಮ ಮನೆಗೆ ಬಂದಾಗ್ಲೂ ಬೆಚ್ಚಗೇ ಇರುತ್ತೆ. ಬೆಚ್ಚಗಿದ್ರೆ ಹಾಲು ಹಗುರ, ಕಡ್ಡಿ ಜಾಸ್ತಿ ಮುಳುಗುತ್ತೆ. ಅದಕ್ಕೇ ಮೂರು ಗೆರೆ ಹೋಗುತ್ತೆ ಸಾರ್. ಆ ಮೂರು ಗೆರೆ ನೀರಲ್ಲ, ಬಿಸಿ."

ತಾಹೆರಾ ಮೇಡಂ ಬದರೀನಾಥರ ಕಡೆ ನೋಡಿದರು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು.

"ಸಾರ್, ಮೂರು ವರ್ಷ ಟೆಂಪರೇಚರ್ ನೋಡ್ಲೇ ಇಲ್ವಾ ನೀವು?"

ಬದರೀನಾಥರ ಕಿವಿ ಕೆಂಪಗಾಯಿತು. "ಮನೇಲಿ ಯಾರ್ರೀ ನೋಡ್ತಾರೆ?" ಅಂದರು. ಆಮೇಲೆ ಸೋಲು ಒಪ್ಪಿಕೊಳ್ಳದ ದನಿಯಲ್ಲಿ, "ಇಪ್ಪತ್ನಾಲ್ಕಕ್ಕೆ ಮೂರು ಸೇರಿಸಿದ್ರೆ ಇಪ್ಪತ್ತೇಳೇ ಆಯ್ತು. ಹೋದ ವಾರದ್ದು ಇನ್ನೆರಡು ಗೆರೆ ಎಲ್ಲಿ?" ಅಂದರು.

ಸೊಣ್ಣಮ್ಮ ಒಂದು ಸಲ ತಾಯಿಯ ಕಡೆ ನೋಡಿದಳು.

"ಅದು ನಮ್ಮಪ್ಪಂದು ಸಾರ್."

"ಏನು?" ಎಂದಳು ನಾರಾಯಣಮ್ಮ.

"ಅಪ್ಪ ಬಾವಿಕಟ್ಟೆ ಹತ್ರ ಬಕೀಟಿಗೆ ಹಾಕ್ತಾರೆ. ಒಂದು ಚೊಂಬು. ಅಮ್ಮಂಗೆ ಗೊತ್ತಿಲ್ಲ. ಹೋದ ವಾರ ಅಮ್ಮ ಹಾಕಿಲ್ಲ ಅನ್ನೋದು ನಿಜ ಸಾರ್."

"ಅಂದ್ರೆ ಅದರ ಹಿಂದಿನ ಮೂರು ವರ್ಷ?"

"ಮೂರು ಗೆರೆ ಬಿಸಿದು, ಎರಡು ಅಪ್ಪಂದು, ಎರಡು ಅಮ್ಮಂದು. ಒಟ್ಟು ಏಳು."

ನಾರಾಯಣಮ್ಮನಿಗೆ ಮಗಳು ತನ್ನ ಮಾನ ಕಳೆದದ್ದು ಆ ಕ್ಷಣಕ್ಕೆ ತಲೆಗೇ ಹೋಗಲಿಲ್ಲ.

"ನಿಮ್ಮಪ್ಪ? ಇಬೂತಿ ಇಟ್ಕಂಡು? ಅದ್ನೆಂಟು ವರ್ಷದಿಂದ ಅವ್ನ್ ಮನ್ಸ್ ನೋಯ್ತದೆ ಅಂತ ನಾನು ಕದ್ದು ಮುಚ್ಚಿ ಆಕ್ತಿದ್ರೆ, ಅವ್ನೂ ಆಕ್ತಿದ್ನಾ?"

"ಅಪ್ಪಾನೂ ಹಾಗೇ ಅಂದ್ಕೊಂಡಿದಾರಮ್ಮ. ನಿಂಗೆ ನೋವಾಗುತ್ತೆ ಅಂತ."

ತಾಹೆರಾ ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ಅವರ ಭುಜ ಅಲುಗುತ್ತಿತ್ತು. ನಾರಾಯಣಮ್ಮನಿಗೆ ಈಗ ಎಲ್ಲ ಸೇರಿ ತಲೆಗೇರಿತು. ಗಂಡ ಹಾಗೆ, ಮಗಳು ಹೀಗೆ, ಸೀಟಂತೂ ಸಿಗುವ ಮಾತಿಲ್ಲ, ಇನ್ನು ಇಲ್ಲಿ ನಿಂತು ನಗಿಸುವುದು ಯಾಕೆ? ಮಗಳ ರಟ್ಟೆ ಹಿಡಿದಳು.

"ನಡಿಯೇ ಮನೆಗೆ. ಎತ್ತೋಳ್ ಮಾನ ಮೇಜಿನ್ ಮ್ಯಾಲಿಟ್ಟು ಅಳೆದ್ಕೊಟ್ಟೆಯಲ್ಲ, ಸಾಕು!"

"ಸ್ವಲ್ಪ ನಿಲ್ಲಿ," ಎಂದರು ಬದರೀನಾಥರು. ಅವರ ದನಿ ಬದಲಾಗಿತ್ತು. "ಎರಡೆರಡು ಗೆರೆ ಅಂತ ನಿಂಗೆ ಹೇಗೆ ಗೊತ್ತಾಯ್ತಮ್ಮ? ಲ್ಯಾಕ್ಟೋಮೀಟರ್ ಇದೆಯಾ?"

"ಮಾಡ್ಕೊಂಡೆ ಸಾರ್. ಪಿಯುಸಿ ಲ್ಯಾಬಲ್ಲಿ ಬಾಯಿ ಒಡೆದಿರೋ ಗಾಜಿನ ಕೊಳವೆ ಕೊಟ್ರು. ಒಳಗೆ ಸೈಕಲ್ ಬಾಲ್ಸ್ ಹಾಕಿ, ಕಾಗದದ ಪಟ್ಟಿ ಇಳಿಬಿಟ್ಟು, ಮೇಣದಲ್ಲಿ ಮುಚ್ಚಿದೆ. ಸಕ್ಕರೆ ನೀರನ್ನ ತೂಕ ಮಾಡಿ ಗೆರೆ ಹಾಕ್ಕೊಂಡೆ. ಕೆಚ್ಚಲಿಂದ ಬಂದಾಗ ಒಂದ್ಸಲ, ಅಪ್ಪ ಬಾವಿಯಿಂದ ಬಂದಾಗ ಒಂದ್ಸಲ, ಅಮ್ಮ ಕ್ಯಾನು ಮುಚ್ಚೋ ಮೊದಲು ಒಂದ್ಸಲ ನೋಡ್ದೆ. ಒಂದು ತಿಂಗಳು."

ಆ ಗಾಜಿನ ಕೊಳವೆಯನ್ನು ನಾರಾಯಣಮ್ಮ ನೋಡಿದ್ದಳು. ಹುಡುಗಿ ಆಟ ಆಡ್ತಾವಳೆ ಅಂದುಕೊಂಡು, ಹಾಲಿಗೆ ಕೈ ಹಾಕಬೇಡ ಅಂತ ಎರಡು ಸಲ ತಲೆಗೆ ಮೊಟಕಿಯೂ ಇದ್ದಳು.

ಬದರೀನಾಥರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಹತ್ತು ನಿಮಿಷ ಅವರೂ ಸೊಣ್ಣಮ್ಮನೂ ಏನೇನೋ ಮಾತಾಡಿದರು. ನೊರೆ ಅಂದರು, ಕೆನೆ ಅಂದರು, ಕೊಳವೆಯ ದಪ್ಪ ಅಂದರು, ಮಧ್ಯೆ ಇಂಗ್ಲಿಷು ಬಂತು, ಕಾಗದದ ಮೇಲೆ ಚಿತ್ರ ಬಂತು. ನಾರಾಯಣಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಮನುಷ್ಯ ಮುಂದಕ್ಕೆ ಬಾಗಿದ ರೀತಿ ತಿಳಿಯಿತು. ಸಂತೆಯಲ್ಲಿ ಒಳ್ಳೆಯ ಹಸು ಕಂಡವನು ಹಾಗೇ ಬಾಗುತ್ತಾನೆ, ಬೇಡ ಬೇಡ ಅನ್ನುತ್ತಲೇ ಹಗ್ಗ ಬಿಡುವುದಿಲ್ಲ.

"ಮೇಡಂ, ಏನಂತೀರಿ?" ಎಂದರು ಕೊನೆಗೆ.

"ನೀವು ಸೀಟು ಕೊಡ್ದಿದ್ರೆ ನಾನು ಜಗಳ ಮಾಡ್ತಿದ್ದೆ," ಎಂದರು ತಾಹೆರಾ ಮೇಡಂ, ಕಣ್ಣು ಒರೆಸಿಕೊಳ್ಳುತ್ತಾ. "ಸೇರಿಸ್ಕೊಳ್ಳಿ."

ಬದರೀನಾಥರು ಅರ್ಜಿಯ ಮೇಲೆ ಏನೋ ಬರೆದು, ಅದನ್ನು ನಾರಾಯಣಮ್ಮನ ಕಡೆ ತಿರುಗಿಸಿ, ಪೆನ್ನು ಮುಂದೆ ಹಿಡಿದರು. "ತೊಗೊಳ್ಳಮ್ಮ. ಸೀಟು ಸಿಕ್ತು. ಇಲ್ಲಿ ನಿನ್ನ ಸಹಿ."

ನಾರಾಯಣಮ್ಮ ಪೆನ್ನು ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ನಿಂತಳು.

"ಆಕಾಕಿಲ್ಲ," ಅಂದಳು.

"ಅಮ್ಮ!" ಸೊಣ್ಣಮ್ಮನ ತಣ್ಣಗಿನ ಮುಖ ಮೊದಲ ಸಲ ಬಿಳಿಚಿಕೊಂಡಿತು.

"ನೀನ್ ಸುಮ್ಕಿರು. ಸ್ವಾಮಿ, ನಂದು ಎರಡು ಗೆರೆ, ಒಪ್ಕಂಡೆ. ನನ್ ಗಂಡಂದು ಎರಡು, ಅದನ್ನ ನಾನು ಮನೇಲಿ ವಿಚಾರ್ಸ್ಕಂತೀನಿ. ಉಳಿದಿದ್ ಮೂರು ಗೆರೆ ಯಾರ್ದು? ದಿನಾ ಬೆಳಿಗ್ಗೆ, ಮೂರು ವರ್ಷ, ಬೀದಿಯೋರ್ಗೆಲ್ಲ ಕೇಳಂಗೆ ಏಳು ಗೆರೆ ಏಳು ಗೆರೆ ಅಂತ ಕೂಗಿದ್ರಲ್ಲ. ನಾಲ್ಕಕ್ಕೆ ಕಳ್ರು ನಾವು. ಏಳಕ್ಕಲ್ಲ. ಆ ಮೂರು ವಾಪಸ್ ತಗೊಳ್ಳಿ, ಸಹಿ ಆಕ್ತೀನಿ."

"ಅಮ್ಮ, ಬೇಡಮ್ಮ, ದಮ್ಮಯ್ಯ," ಎಂದಳು ಸೊಣ್ಣಮ್ಮ.

ಬದರೀನಾಥರು ತಾಹೆರಾ ಮೇಡಂ ಕಡೆ ನೋಡಿದರು. ಅವರು ಸಹಾಯಕ್ಕೆ ಬರಲಿಲ್ಲ, ಬದಲಿಗೆ ಆರಾಮಾಗಿ ಕೂತು ಕೆನ್ನೆಗೆ ಕೈ ಕೊಟ್ಟುಕೊಂಡರು. ಬಾಗಿಲ ಸಂದಿಯಲ್ಲಿ ಮುನಿಶಾಮಿಯ ಮೂಗು ಕಾಣುತ್ತಿತ್ತು. ಬದರೀನಾಥರು ಕೆಮ್ಮಿದರು.

"ಮೂರು ಗೆರೆ ನಿಮ್ಮದಲ್ಲ, ನಾರಾಯಣಮ್ಮ."

"ಯಾರ್ದು?"

"ಬಿಸಿದು. ನಂದೂ ತಪ್ಪು. ನೋಡ್ಬೇಕಿತ್ತು, ನೋಡಿಲ್ಲ."

"ಸ್ವಲ್ಪ ಜೋರಾಗೇಳಿ. ಏಳು ಗೆರೆ ಅನ್ನೋವಾಗ ಇನ್ನೂ ಜೋರಾಗಿರ್ತಿತ್ತು."

"ಮೂರು ಗೆರೆ ನಿಮ್ಮದಲ್ಲ!" ಎಂದರು ಬದರೀನಾಥರು, ಬೆಳಗಿನ ವಾರ್ತೆಯ ದನಿಯಲ್ಲೇ. ಕಾರಿಡಾರಿನಲ್ಲಿ ಮಾತೆಲ್ಲ ನಿಂತುಹೋಯಿತು.

ನಾರಾಯಣಮ್ಮ ಪೆನ್ನು ತೆಗೆದುಕೊಂಡಳು. ಬಗ್ಗಿ, ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ, ಒಂದೊಂದೇ ಅಕ್ಷರ ಇಟ್ಟಳು. ನಾ ಬರೆದು ಉಸಿರು ಬಿಟ್ಟಳು, ರಾ ಬರೆದು ದೀರ್ಘ ಸರಿ ಬಂತಾ ನೋಡಿದಳು. ಸೊಣ್ಣಮ್ಮ ಪಕ್ಕದಲ್ಲಿ ನಿಂತು ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ. ಕೊನೆಯ ಅಕ್ಷರ ಮುಗಿಸಿ ನಾರಾಯಣಮ್ಮ ಕಾಗದ ಆಚೆ ತಳ್ಳಿದಳು.

"ಇದರ ಕೆಳಗೆ ತಂದೆಯವರ ಸಹಿನೂ ಬೇಕು," ಎಂದರು ತಾಹೆರಾ ಮೇಡಂ. "ನಾಳೆ ಒಳಗೆ ತಂದುಕೊಡಿ."

"ತರ್ತೀನಿ ತಾಯಿ. ಇವತ್ತು ಮನೆಗೋದ್ ತಕ್ಷಣ ಅವ್ನ ಕೈಲಿ ಆಕಿಸ್ತೀನಿ," ಎಂದು ನಾರಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಿಕ್ಕಿಸಿಕೊಂಡ ರೀತಿ ನೋಡಿ ಬದರೀನಾಥರಿಗೆ, ಮುಖ ಕಾಣದ ಆ ಪಿಳ್ಳಣ್ಣನ ಮೇಲೆ ಮರುಕ ಹುಟ್ಟಿತು.

"ನೋಡಿ ನಾರಾಯಣಮ್ಮ," ಅಂದರು. "ಏನೇ ಮಾಡಿದ್ರೂ ಬಲಗೈ ಒಂದು ಬಿಟ್ಬಿಡಿ. ಸಹಿ ಹಾಕೋಕೆ ಬೇಕಾಗುತ್ತೆ."

ಅವಳು ಆಗಲೇ ಬಾಗಿಲು ದಾಟಿದ್ದಳು. ಅಲ್ಲಿಂದಲೇ ತಿರುಗಿ, "ಅವ್ನು ಎಡಚ, ಸ್ವಾಮಿ," ಎಂದಳು.